ಎರಡು ಎಮ್ಮೆಯ ಲೆಕ್ಕ ಮತ್ತು ಕೆಮಿಸ್ಟ್ರಿ ಪದವಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬ ತಂದೆ ಬರೆದಿದ್ದರು. ಮಗ ಕೆಮಿಸ್ಟ್ರಿಯಲ್ಲಿ ಬಿ.ಎಸ್‌ಸಿ ಮುಗಿಸಿ ಎರಡು ವರ್ಷದಿಂದ ಮನೆಯಲ್ಲೇ ಇದ್ದಾನೆ, ಹಾಕಿದ ರೊಕ್ಕ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅಂತ. ಎರಡು ದಿನ ಬಿಟ್ಟು ನಿವೃತ್ತ ಪ್ರಾಧ್ಯಾಪಕರೊಬ್ಬರು ಅದಕ್ಕೆ ಉತ್ತರ ಕೊಟ್ಟರು. ಭಾರತರತ್ನ ಸಿ.ಎನ್.ಆರ್. ರಾವ್ ಅವರೂ ಕೆಮಿಸ್ಟ್ರಿ ಓದಿದವರೇ, ವಿದ್ಯೆಯನ್ನು ರೊಕ್ಕದಲ್ಲಿ ಅಳೆಯಬಾರದು ಅಂತ. ಮಾತು ಸರಿಯಾಗಿದೆ. ಪಿಂಚಣಿ ಬರುವವರ ಬಾಯಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ. ಆದರೆ ಇಬ್ಬರೂ ಲೆಕ್ಕ ಹಾಕಿರಲಿಲ್ಲ. ನಾನು ಹಾಕಿದ್ದೇನೆ. ಪತ್ರ ಉದ್ದವಾದರೆ ಕತ್ತರಿಸಿ, ಅಂಕಿಗಳನ್ನು ಮಾತ್ರ ಬಿಡಬೇಡಿ.

ನಾನು ಮುಧೋಳ ತಾಲ್ಲೂಕಿನವನು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಲ್ಯಾಬ್ ಕೆಮಿಸ್ಟ್. ಇಪ್ಪತ್ತೇಳು ಹಂಗಾಮು ಕಂಡಿದ್ದೇನೆ. ಇನ್ನೂ ನೌಕರಿಯಲ್ಲಿ ಇರುವುದರಿಂದ ಹೆಸರು ಹಾಕುವುದು ಬೇಡ. ಮಗಳು ಈ ವರ್ಷ ಬಿ.ಎಸ್‌ಸಿ ಮುಗಿಸಿದಳು. ಎಂ.ಎಸ್‌ಸಿ ಕೆಮಿಸ್ಟ್ರಿ ಮಾಡ್ತೀನಿ ಅನ್ನುತ್ತಿದ್ದಾಳೆ. ಅವಳ ತಾಯಿ ಬಿ.ಇಡಿ ಮಾಡಲಿ ಅನ್ನುತ್ತಾಳೆ. ಸೋದರಮಾವ ಬಂದು ಚಹಾ ಕುಡಿಯುತ್ತಾ, ಪಿಯುಸಿ ಆದಾಗಲೇ ನರ್ಸಿಂಗ್‌ಗೆ ಹಾಕಿದ್ದರೆ ಇಷ್ಟೊತ್ತಿಗೆ ಪಗಾರ ತರುತ್ತಿದ್ದಳು ಅಂದು ಹೋದ. ಎರಡು ವಾರದಿಂದ ಮನೆಯಲ್ಲಿ ಇದೇ ಮಾತು. ಕೊನೆಗೆ ಒಂದು ರಾತ್ರಿ ಹಳೆಯ ವಹಿ ತೆಗೆದು ಕೂತೆ.

ಈ ವಹಿಯ ಅಭ್ಯಾಸ ನನಗೆ ಅಪ್ಪನಿಂದ ಬಂದಿದ್ದು. ನಾನು 1996ರಲ್ಲಿ ಬಿ.ಎಸ್‌ಸಿಗೆ ಸೇರಿದೆ. ಆಗ ನಮ್ಮ ಕಡೆಯ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಇದ್ದವು. ರೂಮು, ಮೆಸ್ಸು, ಫೀಸು, ಪುಸ್ತಕ ಎಲ್ಲ ಸೇರಿ ಮೂರು ವರ್ಷಕ್ಕೆ ಹದಿನಾರು ಸಾವಿರ ಖರ್ಚಾಯಿತು. ಪ್ರತಿ ಸಲ ರೊಕ್ಕ ಕೇಳಲು ಊರಿಗೆ ಬಂದಾಗ ಅಪ್ಪ ಒಂದೇ ಮಾತು ಹೇಳುತ್ತಿದ್ದ: "ಇಷ್ಟು ರೊಕ್ಕಕ್ಕ ಎರಡು ಎಮ್ಮಿ ಬರ್ತಿದ್ವಲ್ಲೋ ತಮ್ಮಾ." ಹೇಳುತ್ತಲೇ ಕೊಡುತ್ತಿದ್ದ. 1999ರಲ್ಲಿ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು, ತಿಂಗಳಿಗೆ 1,800 ರೂಪಾಯಿ. ಒಂಬತ್ತು ತಿಂಗಳ ಪಗಾರಕ್ಕೆ ಎರಡು ಎಮ್ಮೆ ವಾಪಸ್ ಬಂದವು ಅಂತ ಅಪ್ಪನ ಮುಂದೆ ಎದೆ ಉಬ್ಬಿಸಿದೆ. ನಿಜ ಹೇಳಬೇಕೆಂದರೆ ಅಷ್ಟು ಬೇಗ ಬರಲಿಲ್ಲ. ನಾನು ಸೀಸನಲ್ ನೌಕರ. ಹಂಗಾಮು ಮುಗಿದ ಮೇಲೆ ಕೈಗೆ ಅರ್ಧ ಪಗಾರ. ಪರ್ಮನೆಂಟ್ ಆಗಲು ಒಂಬತ್ತು ವರ್ಷ ಹಿಡಿಯಿತು.

ಈಗ ಮಗಳ ಲೆಕ್ಕ. 2023ರಲ್ಲಿ ಸೇರಿದಳು. ಸೇರಿದಾಗ ನಾಲ್ಕು ವರ್ಷದ ಪದವಿ ಅಂದರು, ಮರುವರ್ಷ ಸರ್ಕಾರ ಮತ್ತೆ ಮೂರು ವರ್ಷ ಅಂತ ಮಾಡಿತು. ಇರಲಿ. ಮೂರು ವರ್ಷದ ಫೀಸು ಸುಮಾರು 34,000. ಪರೀಕ್ಷಾ ಫೀಸು 9,000. ಬಿಳಿ ಕೋಟು, ರೆಕಾರ್ಡು, ಪುಸ್ತಕ 7,500. ಮೊಬೈಲು ಬೇಕೇ ಬೇಕು ಅಂದಳು, ಸೆಕೆಂಡ್‌ಹ್ಯಾಂಡ್ ಒಂದಕ್ಕೆ 9,000. ಮಧ್ಯಾಹ್ನದ ತಿಂಡಿ, ಝೆರಾಕ್ಸು, ಸಣ್ಣಪುಟ್ಟದ್ದು 22,000. ಬಸ್ಸಿನ ಕಾಲಂ ಖಾಲಿ. ಅವಳು ಕಾಲೇಜು ಸೇರುವ ಹೊತ್ತಿಗೆ, 2023ರ ಜೂನ್ 11ಕ್ಕೆ, ಶಕ್ತಿ ಯೋಜನೆ ಶುರುವಾಗಿತ್ತು. ಆ ಕಾಲಂ ಖಾಲಿ ಇದ್ದದ್ದಕ್ಕೆ ಎಷ್ಟು ಮನೆಯ ಹುಡುಗಿಯರು ಡಿಗ್ರಿ ಮೆಟ್ಟಿಲು ಹತ್ತಿದರು ಅನ್ನುವುದನ್ನು ಬೆಳಗಿನ ಬಸ್ಸಿನಲ್ಲಿ ನೋಡಬೇಕು. ಒಟ್ಟು 81,500.

ಇವತ್ತು ಮುಧೋಳದ ಸಂತೆಯಲ್ಲಿ ಹಾಲು ಕರೆಯುವ ಎಮ್ಮೆಯ ಬೆಲೆ ಕೇಳಿ, ಎಂಬತ್ತು-ತೊಂಬತ್ತು ಸಾವಿರ ಅನ್ನುತ್ತಾರೆ. ಅಂದರೆ ನನ್ನ ಕಾಲಕ್ಕೆ ಎರಡು ಎಮ್ಮೆಯಾಗಿದ್ದ ಬಿ.ಎಸ್‌ಸಿ ಈಗ ಒಂದು ಎಮ್ಮೆಗೆ ಇಳಿದಿದೆ! ಕಳೆದ ಹಂಗಾಮಿನಲ್ಲಿ ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಹುಡುಗನಿಗೆ 14,000 ಪಗಾರ. ಆರು ತಿಂಗಳಲ್ಲಿ ಅವನ ಎಮ್ಮೆ ವಾಪಸ್. ಕಾಗದದ ಮೇಲೆ ನೋಡಿದರೆ ನಮಗಿಂತ ಈಗಿನವರೇ ಲಾಭದಲ್ಲಿ ಇದ್ದಾರೆ. ಹಾಗಾದರೆ ಆ ತಂದೆ ಯಾಕೆ ಹೊಟ್ಟೆ ಉರಿಸಿಕೊಂಡು ಬರೆದರು? ಅವರೇನು ಸುಳ್ಳು ಹೇಳಿಲ್ಲ.

ಫೀಸಿನ ಕಾಲಂನಲ್ಲಿ ಹುಡುಕಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ನನಗೆ ಅದು ಗೊತ್ತಾಗಿದ್ದು ನಮ್ಮ ಅಣ್ಣನ ಮಗನಿಂದ.

ಅವನು ಬುದ್ಧಿವಂತ. 2020ರಲ್ಲಿ ಬಿ.ಎಸ್‌ಸಿ, ಆಮೇಲೆ ಎಂ.ಎಸ್‌ಸಿ ಕೆಮಿಸ್ಟ್ರಿ, ಫಸ್ಟ್ ಕ್ಲಾಸ್. ಎಂ.ಎಸ್‌ಸಿಗೆ ಹಾಸ್ಟೆಲ್, ಮೆಸ್ ಎಲ್ಲ ಸೇರಿ 1,85,000 ಆಯಿತು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಿಂದ ಹತ್ತು ಸಾವಿರ ಬಂದಿತ್ತು, ಅದನ್ನು ಕಳೆದೇ ಹೇಳುತ್ತಿದ್ದೇನೆ. ಮುಗಿಸಿ ಹೈದರಾಬಾದಿನ ಔಷಧ ಕಂಪನಿಯೊಂದಕ್ಕೆ ಇಂಟರ್‌ವ್ಯೂಗೆ ಹೋದ. ಮೇಜಿನ ಆ ಕಡೆ ಕೂತವರು ಎರಡೇ ಪ್ರಶ್ನೆ ಕೇಳಿದರಂತೆ. ಎಚ್‌ಪಿಎಲ್‌ಸಿ ಮೇಲೆ ಕೈ ಆಡಿಸಿದ್ದೀಯಾ? ಇಲ್ಲ ಸರ್, ಓದಿದ್ದೇನೆ. ಓದಿದ್ದೀಯಾ ಅಂತ ಕೇಳಲಿಲ್ಲ, ಯಂತ್ರ ನೋಡಿದ್ದೀಯಾ? ಅವನು ಚಿತ್ರದಲ್ಲಿ ನೋಡಿದ್ದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಚ್‌ಪಿಎಲ್‌ಸಿ ಅಂದರೆ ಗುಳಿಗೆಯಲ್ಲಿ ಔಷಧ ಎಷ್ಟಿದೆ, ಇರಬಾರದ್ದು ಎಷ್ಟಿದೆ ಅಂತ ಬೇರ್ಪಡಿಸಿ ಅಳೆಯುವ ಯಂತ್ರ. ಔಷಧ ಕಂಪನಿಯ ಲ್ಯಾಬಿನಲ್ಲಿ ಹಗಲು ರಾತ್ರಿ ಓಡುವುದು ಅದೇ. ರೈತನ ಮಗ ಟ್ರ್ಯಾಕ್ಟರ್ ಮೇಲೆ ಪಿಎಚ್‌.ಡಿ ಮಾಡಿ ಸ್ಟೇರಿಂಗ್ ಹಿಡಿಯದೆ ಇದ್ದ ಹಾಗೆ ನಮ್ಮ ಹುಡುಗನ ಸ್ಥಿತಿ.

ವಾಪಸ್ ಬಂದ. ಯಾರೋ ಹೇಳಿದರು, ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಮೂರು ತಿಂಗಳ ಕೋರ್ಸ್ ಇದೆ ಅಂತ. ಫೀಸು 38,000. ಮೂರು ತಿಂಗಳು ರೂಮು, ಊಟ 21,000. ಎರಡೂ ಸೇರಿ 59,000. ಐದು ವರ್ಷ ಕಾಲೇಜಿನಲ್ಲಿ ಕಲಿಸದ್ದನ್ನು ಮೂರು ತಿಂಗಳಲ್ಲಿ ಕಲಿಸಿದರು. ಅದನ್ನು ಹೊಗಳಬೇಕೋ ಬೈಯಬೇಕೋ ತಿಳಿಯದು. 2023ರ ಏಪ್ರಿಲ್‌ನಲ್ಲಿ ನೌಕರಿ ಸಿಕ್ಕಿತು. ಕೈಗೆ 16,800. ನಾಲ್ಕು ಹುಡುಗರ ರೂಮಿನಲ್ಲಿ ಇವನ ಪಾಲು 3,500, ಊಟ 3,500. ಮೂರು ಪಾಳಿ. ರಾತ್ರಿ ಪಾಳಿ ಮುಗಿಸಿ ಬಂದವನು ಎದ್ದ ಹಾಸಿಗೆಯಲ್ಲೇ ಹಗಲು ಪಾಳಿಯವನು ಮಲಗುವುದು. ಮನೆಗೆ ಐದು ಸಾವಿರ ಕಳಿಸುತ್ತಿದ್ದ. ಎರಡು ವರ್ಷ ಹಲ್ಲು ಕಚ್ಚಿ ಇದ್ದ. ಆಮೇಲೆ ಕಂಪನಿ ಬದಲಿಸಿದ, 27,000 ಆಯಿತು. ಈಗ ನಾಲ್ಕು ತಿಂಗಳಿಂದ ಗೋವಾದ ವೆರ್ನಾದಲ್ಲಿ ಇದ್ದಾನೆ, 38,000. ವಯಸ್ಸು 27.

ಅವನ ಓಣಿಯಲ್ಲೇ ಅವನ ಜೊತೆ ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗ ಒಬ್ಬ ಇದ್ದಾನೆ. ಐಟಿಐ ಫಿಟ್ಟರ್. ಒಂದು ವರ್ಷ ಅಪ್ರೆಂಟಿಸ್ ಮಾಡಿ 2018ರಿಂದ ನೌಕರಿಯಲ್ಲಿ ಇದ್ದಾನೆ. ಶುರುವಿನಲ್ಲಿ ಹತ್ತು ಸಾವಿರದ ಒಳಗೆ, ಈಗ ಓವರ್‌ಟೈಮ್ ಸೇರಿ 29,000. ಎಂಟು ವರ್ಷದ ಸರಾಸರಿ 17,000 ಹಿಡಿದರೂ ಇಲ್ಲಿಯವರೆಗೆ 16 ಲಕ್ಷದ ಮೇಲೆ ದುಡಿದಿದ್ದಾನೆ. ನಮ್ಮ ಎಂ.ಎಸ್‌ಸಿ ಹುಡುಗ ದುಡಿದದ್ದು ಎಂಟೂಕಾಲು ಲಕ್ಷ. ಓದಿಗೆ ಹಾಕಿದ ಮೂರು ಲಕ್ಷವನ್ನೂ ಸೇರಿಸಿದರೆ 11 ಲಕ್ಷ ಹಿಂದೆ ಇದ್ದಾನೆ. ಈಗ ತಿಂಗಳಿಗೆ ಒಂಬತ್ತು ಸಾವಿರ ಮುಂದೆ ಇದ್ದಾನೆ ನಿಜ. ಇದೇ ಅಂತರ ಹೀಗೇ ಉಳಿದರೆ ಫಿಟ್ಟರನ್ನು ಮುಟ್ಟಲು ಇನ್ನೂ ಹತ್ತು ವರ್ಷ ಬೇಕು. ಅಂತರ ಹೆಚ್ಚುತ್ತದೆ, ಬೇಗ ಮುಟ್ಟುತ್ತಾನೆ ಅಂತ ನನ್ನ ನಂಬಿಕೆ. ಆದರೆ ಅದು ನಂಬಿಕೆ, ಲೆಕ್ಕ ಅಲ್ಲ. ಫಿಟ್ಟರ್ ಈಗಾಗಲೇ ಎರಡು ಖೋಲಿ ಕಟ್ಟಿಸಿದ್ದಾನೆ. ಕನ್ಯೆ ನೋಡುವವರು ಮೊದಲು ಅಲ್ಲಿಗೇ ಹೋಗುತ್ತಾರೆ, ಅದೂ ಒಂದು ಲೆಕ್ಕವೇ ಅಲ್ವಾ?

ಹಾಗಂತ ಎಲ್ಲರೂ ಐಟಿಐ ಮಾಡಿ ಅಂತ ನಾನು ಹೇಳುತ್ತಿಲ್ಲ. ನಾನು ನೋಡಿದ್ದು ಬೇರೆ. ಅಣ್ಣನ ಮಗ ಸೋತದ್ದು ಕೆಮಿಸ್ಟ್ರಿಯಿಂದಲ್ಲ. ಪದವಿ ಕೈಗೆ ಬಂದ ದಿನ ಮತ್ತು ಕೆಲಸ ಕೈಗೆ ಹತ್ತಿದ ದಿನ, ಇವೆರಡರ ನಡುವಿನ ಜಾಗದಲ್ಲಿ. ಅಮೀರ್‌ಪೇಟೆಯ 59,000, ಇಂಟರ್‌ವ್ಯೂಗಳಿಗೆ ಓಡಾಡಿದ ತಿಂಗಳುಗಳು, ಕೆಲಸ ಕಲಿಯಲು ಅಂತಲೇ 16,800ಕ್ಕೆ ದುಡಿದ ಎರಡು ವರ್ಷ. ಇದನ್ನು ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಬರೆದಿರುವುದಿಲ್ಲ. ನಿಮಗೆ ಪತ್ರ ಬರೆದ ಆ ತಂದೆಯ ಮಗ ಕೂತಿರುವುದೂ ಅದೇ ಜಾಗದಲ್ಲಿ.

ನನ್ನದೇ ಇನ್ನೊಂದು ಕಥೆ ಹೇಳಲೇಬೇಕು, ಇಲ್ಲದಿದ್ದರೆ ಬೇರೆಯವರ ಮಕ್ಕಳದ್ದು ಮಾತ್ರ ಹೇಳಿದ ಹಾಗಾಗುತ್ತದೆ. ನಾನು ಸೇರಿದ ಎರಡು ವರ್ಷಕ್ಕೆ ಒಬ್ಬ ಹುಡುಗ ಬಂದ, ನನ್ನ ಹಾಗೇ ಬಿ.ಎಸ್‌ಸಿ. ರಸದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ಓದುವ ಗಾಜಿನ ಕೊಳವೆ ಸ್ಪಿಂಡಲ್, ಅದನ್ನು ಹಿಡಿಯುವುದನ್ನು ಅವನಿಗೆ ನಾನೇ ಕಲಿಸಿದೆ. ಮೂರು ಹಂಗಾಮು ಮಾಡಿ, ರಾಜೀನಾಮೆ ಕೊಟ್ಟು, ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆಗೆ ಹೋಗಿ ಸಕ್ಕರೆ ತಂತ್ರಜ್ಞಾನ ಓದಿದ. ಬರೀ ಬಿ.ಎಸ್‌ಸಿ ಇದ್ದವನು ಲ್ಯಾಬಿನಲ್ಲಿ ಉಳಿಯುತ್ತಾನೆ. ಅದರ ಮೇಲೆ ಸಕ್ಕರೆ ತಂತ್ರಜ್ಞಾನ ಇದ್ದವನು ಮ್ಯಾನುಫ್ಯಾಕ್ಚರಿಂಗ್ ಕೆಮಿಸ್ಟ್ ಆಗಿ ಸಕ್ಕರೆ ಕುದಿಸುವ ಪ್ಯಾನ್ ಮೇಲೆ ಹೋಗುತ್ತಾನೆ, ಅಲ್ಲಿಂದ ಚೀಫ್ ಕೆಮಿಸ್ಟ್. ಇದು ನಮ್ಮ ಲೈನಿನ ಮೆಟ್ಟಿಲು. ಅವನು ಈಗ ಇನ್ನೊಂದು ಕಾರ್ಖಾನೆಯಲ್ಲಿ ಚೀಫ್ ಕೆಮಿಸ್ಟ್, ನನ್ನ ಎರಡರಷ್ಟು ಪಗಾರ. ನನಗೆ 41,000. ಹೊಟ್ಟೆಕಿಚ್ಚಿಲ್ಲ, ಹಬ್ಬಕ್ಕೆ ಫೋನ್ ಮಾಡಿ ಇಂದಿಗೂ ಅಣ್ಣಾ ಅನ್ನುತ್ತಾನೆ. ಆದರೆ ನಮಗೆ ಕಾನ್ಪುರ ಯಾಕೆ? ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಪುಣೆಯ ಮಾಂಜರಿಯಲ್ಲಿ ವಸಂತದಾದಾ ಸಕ್ಕರೆ ಸಂಸ್ಥೆ ಇದೆ, ಅಲ್ಲಿ ಡಿಸ್ಟಿಲರಿಯ ಆಲ್ಕೋಹಾಲ್ ತಂತ್ರಜ್ಞಾನವನ್ನೂ ಕಲಿಸುತ್ತಾರೆ. ಪೆಟ್ರೋಲಿಗೆ ಎಥೆನಾಲ್ ಬೆರೆಸಲು ಶುರುವಾದ ಮೇಲೆ ನಮ್ಮ ಕಡೆ ಡಿಸ್ಟಿಲರಿ ಲ್ಯಾಬುಗಳು ಎಷ್ಟು ಎದ್ದವು ಅಂತ ಎಲ್ಲರಿಗೂ ಗೊತ್ತು. ಘಟಪ್ರಭಾ, ಕೃಷ್ಣಾ ದಂಡೆಯ ಕಾಲೇಜುಗಳ ಕೊನೆ ವರ್ಷದ ಹುಡುಗರನ್ನು ಕೇಳಿ ನೋಡಿ. ಕಾರ್ಖಾನೆಯ ಚಿಮಣಿ ಕಾಣುವ ಕಿಟಕಿಯ ಪಕ್ಕ ಕೂತು ಮೂರು ವರ್ಷ ಓದಿರುತ್ತಾರೆ, ಈ ಎರಡು ಸಂಸ್ಥೆಗಳ ಹೆಸರು ಕೇಳಿರುವುದಿಲ್ಲ. ನಾನೂ ಕೇಳಿರಲಿಲ್ಲ.

ಲ್ಯಾಬ್ ಕೆಮಿಸ್ಟ್ ಏನು ಮಾಡುತ್ತಾನೆ ಅಂತ ನಮ್ಮ ಊರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಿರುವ ರೈತರು ಬೈಯುತ್ತಾರೆ. "ಕಾಟಾದಾಗ ಒಮ್ಮೆ, ಲ್ಯಾಬಿನ್ಯಾಗ ಒಮ್ಮೆ, ಎರಡು ಸಲ ಕತ್ತರಿ ಹಾಕ್ತೀರಿ ಸಾಹೇಬ್ರ" ಅಂತ ಒಬ್ಬರು ನನ್ನ ಎದುರೇ ಹೇಳಿದರು. ಅವರ ಸಿಟ್ಟಿಗೆ ಕಾರಣ ರಿಕವರಿ. ನೂರು ಕೆಜಿ ಕಬ್ಬು ನುರಿಸಿದರೆ ಎಷ್ಟು ಕೆಜಿ ಸಕ್ಕರೆ ಬಂತು ಅನ್ನುವುದೇ ರಿಕವರಿ. ಕೇಂದ್ರ ಸರ್ಕಾರ 2025-26ಕ್ಕೆ ಕ್ವಿಂಟಲ್‌ಗೆ 355 ರೂಪಾಯಿ ಎಫ್‌ಆರ್‌ಪಿ, ಅಂದರೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಇಟ್ಟದ್ದು ಶೇ 10.25ರ ರಿಕವರಿಗೆ. ಅದರ ಮೇಲೆ ಪ್ರತಿ 0.1ಕ್ಕೆ ಕ್ವಿಂಟಲ್‌ಗೆ 3.46 ರೂಪಾಯಿ ಜಾಸ್ತಿ. ಟನ್ನಿಗೆ 34.60 ಆಯಿತು. ದಿನಕ್ಕೆ ಐದು ಸಾವಿರ ಟನ್ ನುರಿಸುವ ಕಾರ್ಖಾನೆಯಲ್ಲಿ ಆ 0.1ರ ಬೆಲೆ ಒಂದು ದಿನಕ್ಕೆ 1,73,000 ರೂಪಾಯಿ. 2025ರ ನವೆಂಬರ್‌ನಲ್ಲಿ ರೈತರು ಟನ್ನಿಗೆ 3,500 ಕೊಡಿ ಅಂತ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ದಿನಗಟ್ಟಲೆ ಕೂತಾಗ, ಸರ್ಕಾರ 3,300 ಅಂದಾಗ, ಕಟ್ಟೆಯ ಮೇಲೆ ಕೂತ ಮುದುಕರ ಬಾಯಲ್ಲೂ ರಿಕವರಿಯದೇ ಮಾತು. ಬಂದ ಸಕ್ಕರೆ ಎಷ್ಟು ಅಂತ ತೂಕ ಹೇಳುತ್ತದೆ. ಬರದೆ ಹೋದದ್ದು ಎಲ್ಲಿ ಹೋಯಿತು, ಕಬ್ಬಿನ ಸಿಪ್ಪೆಯಾದ ಬಗಾಸಿನಲ್ಲೋ, ರಸ ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್‌ನಲ್ಲೋ, ಕಾಕಂಬಿಯಲ್ಲೋ ಅಂತ ಹೇಳುವುದು ಲ್ಯಾಬು. ಆ ಅಂಕಿಯನ್ನು ರಾತ್ರಿ ಎರಡು ಗಂಟೆಗೆ ಕಣ್ಣು ತಿಕ್ಕುತ್ತಾ ಬರೆಯುವವನ ಪಗಾರ 14,000.

ಹೋದ ಜನವರಿಯಲ್ಲಿ ನಮ್ಮ ಚೀಫ್ ಕೆಮಿಸ್ಟರ ಅಪ್ಪಣೆ ಪಡೆದು ಮಗಳನ್ನು ಒಂದು ದಿನ ಲ್ಯಾಬಿಗೆ ಕರೆದುಕೊಂಡು ಹೋದೆ. ಪ್ರಾಕ್ಟಿಕಲ್ಸ್‌ನಲ್ಲಿ ಅವಳಿಗೆ ನೂರಕ್ಕೆ ತೊಂಬತ್ತರ ಮೇಲೆ. ಮಿಲ್ಲಿನಿಂದ ರಸದ ಸ್ಯಾಂಪಲ್ ಬಂತು. ಉದ್ದ ಜಾಡಿಗೆ ತುಂಬಿದ ಕೂಡಲೇ ಅವಳು ಬ್ರಿಕ್ಸ್ ಸ್ಪಿಂಡಲ್ ಬಿಟ್ಟು 18.4 ಅಂತ ಓದಿದಳು. ಬ್ರಿಕ್ಸ್ ಅಂದರೆ ನೂರು ಭಾಗ ರಸದಲ್ಲಿ ಸಕ್ಕರೆಯೂ ಉಳಿದದ್ದೂ ಸೇರಿ ಕರಗಿರುವುದು ಎಷ್ಟು ಅನ್ನುವ ಅಂಕಿ. ನಾನು ಏನೂ ಹೇಳಲಿಲ್ಲ. ಕಾಲು ಗಂಟೆ ಬಿಟ್ಟು ಮತ್ತೆ ಓದು ಅಂದೆ. ಅಷ್ಟರಲ್ಲಿ ರಸದೊಳಗಿನ ಮಣ್ಣು, ಕಸ ಕೆಳಗೆ ಕೂತಿತ್ತು, ಗಾಳಿ ಮೇಲೆ ಬಂದಿತ್ತು. ಜಾಡಿ ತುಂಬಿ ಹರಿಯುವಂತೆ ಇನ್ನಷ್ಟು ರಸ ಹಾಕಿ ನೊರೆ ಚೆಲ್ಲಿಸಿದೆ. ಈಗ ಬಗ್ಗಿ, ಕಣ್ಣನ್ನು ರಸದ ಮಟ್ಟಕ್ಕೆ ತಂದು ಓದಿದಳು. 17.9. "ಅಪ್ಪಾ, ಅದೇ ರಸ ಅಲ್ವಾ?" ಅಂದಳು. ಅದೇ ರಸ.

ಆಮೇಲೆ ಪೋಲ್, ಅಂದರೆ ಅದರಲ್ಲಿ ನಿಜವಾದ ಸಕ್ಕರೆ ಎಷ್ಟು ಅನ್ನುವುದು. ರಸಕ್ಕೆ ಲೆಡ್ ಸಬ್‌ಅಸಿಟೇಟ್ ಹಾಕಿ ಅಲುಗಿಸಿದರೆ ಕೊಳೆಯೆಲ್ಲ ಕೆಳಗೆ ಕೂರುತ್ತದೆ. ಸೋಸಿದರೆ ಚಹಾದ ಬಣ್ಣದ ತಿಳಿ ನೀರು. ಮೊದಲೇ ಹೇಳಿದೆ, ಇದು ಸೀಸ, ಈ ಕೈ ತೊಳೆಯದೆ ಬುತ್ತಿ ಬಿಚ್ಚುವ ಹಾಗಿಲ್ಲ ಅಂತ. ಈಗ ನಮ್ಮಲ್ಲಿ ಬೆಳಕು ಹಾಯಿಸಿ ಸಕ್ಕರೆ ಅಳೆಯುವ ಡಿಜಿಟಲ್ ಪೋಲಾರಿಮೀಟರ್ ಇದೆ, ಸುರಿದರೆ ಅಂಕಿ ತೋರಿಸುತ್ತದೆ. ಹಳೆಯದನ್ನು ನಾನು ಎಸೆಯಲು ಬಿಟ್ಟಿಲ್ಲ. ಅದರ ಉದ್ದನೆಯ ಗಾಜಿನ ಕೊಳವೆಗೆ ತುಂಬಿ, ಮೇಲಿನ ಗಾಜಿನ ಬಿಲ್ಲೆಯನ್ನು ಅಡ್ಡದಿಂದ ಜಾರಿಸಿ ಮುಚ್ಚಬೇಕು. ಒಂದು ಗುಳ್ಳೆಯೂ ಉಳಿಯಬಾರದು. ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ಗುಳ್ಳೆ. ಐದನೆಯ ಸಲ ಕೂತಿತು. ಕಣ್ಣಿಟ್ಟು ತಿರುಗಿಸಿದಳು, ಎರಡು ಅರ್ಧವೂ ಒಂದೇ ಬೆಳಕಿಗೆ ಬಂದ ಕಡೆ ನಿಲ್ಲಿಸಿದಳು. ಲೆಕ್ಕ ಹಾಕಿದರೆ ಪೋಲ್ 14.9. ಅದನ್ನು ಬ್ರಿಕ್ಸಿನಿಂದ ಭಾಗಿಸಿದರೆ ಪ್ಯೂರಿಟಿ ಶೇ 83.2. ಮೊದಲು ಓದಿದ 18.4 ಹಿಡಿದಿದ್ದರೆ 81 ಬರುತ್ತಿತ್ತು. ಕಬ್ಬು ಹಳಸಿದೆ ಅಂತ ಮಿಲ್ಲಿನವರ ಮೇಲೆ ಹಾರಾಡುವಷ್ಟು ವ್ಯತ್ಯಾಸ.

ಅವಳ ಕಾಲೇಜಿನಲ್ಲೂ ಪೋಲಾರಿಮೀಟರ್ ಇದೆಯಂತೆ. ಬೀರುವಿನಲ್ಲಿ. ಕೀಲಿ ಹಾಕಿದೆ, ಇನ್‌ಸ್ಪೆಕ್ಷನ್‌ಗೆ ಬಂದಾಗ ತೆಗೆಯುತ್ತಾರೆ. ಒಂದು ಬ್ಯೂರೆಟ್‌ಗೆ ನಾಲ್ಕು ಮಂದಿ. ಒಬ್ಬರು ಟೈಟ್ರೇಷನ್ ಮಾಡುತ್ತಾರೆ, ಮೂವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಸಿಲ್ವರ್ ನೈಟ್ರೇಟ್ ದುಬಾರಿ ಅಂತ ಹನಿ ಲೆಕ್ಕದಲ್ಲಿ ಕೊಡುತ್ತಾರೆ. ಕಲಿಸುವವರನ್ನು ಬೈಯಲು ನನಗೆ ಮನಸ್ಸಿಲ್ಲ, ಅರ್ಧ ಜನ ಅತಿಥಿ ಉಪನ್ಯಾಸಕರು. ಅವರೂ ಎಂ.ಎಸ್‌ಸಿ ಕೆಮಿಸ್ಟ್ರಿ ಮಾಡಿದವರೇ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅಂತ ಪ್ರತಿ ಜೂನ್‌ನಲ್ಲಿ ಕಾಯುವವರು. ಈ ಪದವಿಯ ಗಳಿಕೆ ಎಷ್ಟು ಅಂತ ಮಕ್ಕಳಿಗೆ ಗೊತ್ತಾಗಲು ಬೇರೆ ಅಂಕಿ ಬೇಡ, ಕರಿಹಲಗೆಯ ಮುಂದೆ ನಿಂತವರನ್ನು ನೋಡಿದರೆ ಸಾಕು.

ಮುಂದಿನ ದಾರಿಗಳನ್ನೂ ವಹಿಯಲ್ಲಿ ಬರೆದೆ. ಎಂ.ಎಸ್‌ಸಿ ಮಾಡಿ ಸಿಎಸ್‌ಐಆರ್ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಯ ಫೆಲೋಶಿಪ್, ಬಂದರೆ ಸಂಶೋಧನೆ ಮಾಡುತ್ತಲೇ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ನನ್ನ ಇಪ್ಪತ್ತೇಳು ವರ್ಷದ ಪಗಾರವನ್ನು ಅವಳು ಪಿಎಚ್‌.ಡಿ ಮುಗಿಯುವ ಮುಂಚೆಯೇ ದಾಟುತ್ತಾಳೆ. ಆದರೆ ಆ ಪರೀಕ್ಷೆ ಬರೆಯುವವರ ಸಾಲು ದೊಡ್ಡದು, ಸೀಟು ಕಡಿಮೆ. ಪಿಯು ಉಪನ್ಯಾಸಕಿ ಆಗಬೇಕಾದರೆ ಎಂ.ಎಸ್‌ಸಿ ಜೊತೆಗೆ ಬಿ.ಇಡಿಯೂ ಬೇಕು. ಬಿ.ಇಡಿ ಎರಡು ವರ್ಷ. ಎಲ್ಲ ಮುಗಿಯುವಾಗ ಅವಳಿಗೆ 25, ಆಮೇಲೆ ನೇಮಕಾತಿ ಕರೆಯುವವರೆಗೆ ಕಾಯಬೇಕು. ನೀರು ಪರೀಕ್ಷೆಯ ಲ್ಯಾಬು, ಸಿಮೆಂಟ್ ಕಾರ್ಖಾನೆಯ ಲ್ಯಾಬು ಎಲ್ಲ ಇವೆ, ಹೆಚ್ಚಿನವು ಗುತ್ತಿಗೆ. ಓದುವುದಕ್ಕೆ ದೂರ ಹೋಗಬೇಕಾಗಿಲ್ಲ, ಅದೊಂದು ಸಮಾಧಾನ. ಜಮಖಂಡಿಯಲ್ಲಿ ವಿಶ್ವವಿದ್ಯಾಲಯ ಬಂದಿದೆ, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ, ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ಇದೆ.

ಇದನ್ನೆಲ್ಲ ಅವಳ ಮುಂದೆ ಇಟ್ಟೆ. ಎಲ್ಲ ಓದಿ, "ಇದರಾಗ ನನಗೆ ಇಷ್ಟ ಅನ್ನೋದಕ್ಕೆ ಕಾಲಂ ಇಲ್ಲಲ್ಲ ಅಪ್ಪಾ" ಅಂದಳು. ನಿವೃತ್ತ ಪ್ರಾಧ್ಯಾಪಕರು ಕೇಳಿದ್ದರೆ ಖುಷಿಪಡುತ್ತಿದ್ದರು. ನಾನು ಹೇಳಿದೆ, ಇಷ್ಟ ಇದ್ದರೆ ಮಾಡವ್ವಾ, ಆದರೆ ನಡುವಿನ ಆ ಎರಡು ವರ್ಷ ಹೇಗೆ ದಾಟುತ್ತೀಯ ಅಂತ ಹೇಳಿ ಮಾಡು. ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಅವಳ ಹತ್ತಿರ ಇರಬೇಕಾದದ್ದೂ ಅಲ್ಲ.

ಯುವನಿಧಿ ಇದೆಯಲ್ಲ ಅನ್ನಬಹುದು. ಪದವಿ ಮುಗಿಸಿ ಆರು ತಿಂಗಳು ನೌಕರಿ ಸಿಗದವರಿಗೆ ತಿಂಗಳಿಗೆ 3,000, ಎರಡು ವರ್ಷ. 2024ರ ಜನವರಿಯಿಂದ ಕೊಡುತ್ತಿದ್ದಾರೆ. ಬಡವರಿಗೆ ಅದು ದೊಡ್ಡ ಆಸರೆ, ನಾನು ಬೇಡ ಅನ್ನುವವನಲ್ಲ. ಆದರೆ ಗುಣಿಸಿ ನೋಡಿ, 72,000 ಆಗುತ್ತದೆ. ಮಗಳ ಇಡೀ ಬಿ.ಎಸ್‌ಸಿಯ ಖರ್ಚಿಗೆ ಹತ್ತಿರ ಹತ್ತಿರ. ಮನೆಯಲ್ಲಿ ಕೂತವರಿಗೆ ಕೊಡುವ ಈ ರೊಕ್ಕದಲ್ಲಿ ಸ್ವಲ್ಪವನ್ನು ಲ್ಯಾಬಿನಲ್ಲಿ ನಿಂತವರಿಗೆ ಕೊಟ್ಟರೆ ಏನಾಗುತ್ತದೆ?

ಕಾನೂನು ಹೊಸದಾಗಿ ಬೇಕಿಲ್ಲ. ಅಪ್ರೆಂಟಿಸ್ ಕಾಯ್ದೆ 1961ರದ್ದು. ಪದವೀಧರರಿಗೂ ಅಪ್ರೆಂಟಿಸ್ ಯೋಜನೆ ಇದೆ, ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ನಮ್ಮ ಫಿಟ್ಟರ್ ಹುಡುಗನಿಗೆ ಅಪ್ರೆಂಟಿಸ್ ಅನ್ನುವ ಒಂದು ವರ್ಷದ ಸೇತುವೆ ಇತ್ತು, ಅದರ ಮೇಲೆ ನಡೆದು ಆ ಕಡೆ ಹೋದ. ಕೆಮಿಸ್ಟ್ರಿಯವನು ಹೊಳೆಗೆ ಹಾರಿ ಈಜಬೇಕು. ಹಂಗಾಮಿನಲ್ಲಿ ನಮ್ಮ ಲ್ಯಾಬಿಗೆ ಯಾವಾಗಲೂ ಜನ ಕಡಿಮೆ. ಗಂಟೆಗೊಂದು ಸ್ಯಾಂಪಲ್, ಮೂರು ಪಾಳಿ, ನವೆಂಬರಿನಿಂದ ಮಾರ್ಚ್‌ವರೆಗೆ. ಅದೇ ತಿಂಗಳುಗಳಲ್ಲಿ ಹತ್ತು ಕಿಲೋಮೀಟರ್ ದೂರದ ಕಾಲೇಜಿನಲ್ಲಿ ಕೊನೆ ವರ್ಷದ ನಲವತ್ತು ಮಂದಿ ಬೇರೆಯವರ ರೀಡಿಂಗ್ ನಕಲು ಮಾಡುತ್ತಾ ಕೂತಿರುತ್ತಾರೆ. ಒಬ್ಬೊಬ್ಬರು ಒಂದು ತಿಂಗಳು ಬಂದು ನಿಜವಾದ ರಸದಲ್ಲಿ ಸ್ಪಿಂಡಲ್ ಬಿಡಲಿ. ಕಾಲೇಜು ಅದಕ್ಕೆ ಪ್ರಾಕ್ಟಿಕಲ್ ಅಂಕ ಕೊಡಲಿ. ಹುಡುಗಿಯರಿಗೆ ಹಗಲು ಪಾಳಿ, ಬಸ್ಸು ಹೇಗೂ ಫ್ರೀ. ಎಚ್‌ಪಿಎಲ್‌ಸಿ ನಮ್ಮಲ್ಲಿ ಇಲ್ಲ, ಅದನ್ನು ನಾವು ಕಲಿಸಲಾರೆವು. ಆದರೆ ನೊರೆ ಇಳಿಯುವವರೆಗೆ ಕಾಯುವುದನ್ನು ಕಲಿಸಬಹುದು, ಓದಿದ್ದನ್ನು ಓದಿದಷ್ಟೇ ಬರೆಯುವುದನ್ನು ಕಲಿಸಬಹುದು. ಅಣ್ಣನ ಮಗ ಹೇಳುತ್ತಾನೆ, ಔಷಧ ಕಂಪನಿಯಲ್ಲಿ ಅವರು ಮೊದಲ ಆರು ತಿಂಗಳು ತಿದ್ದುವುದೂ ಅದನ್ನೇ ಅಂತೆ. "ಕಾಕಾ, ರೀಡಿಂಗ್ ತಪ್ಪಿದರೂ ನಡೆಯುತ್ತೆ, ಅಳಿಸಿ ಬರೆದರೆ ನಡೆಯಲ್ಲ" ಅನ್ನುತ್ತಾನೆ.

ಸುಮ್ನೆ ಬರೆಯುತ್ತಿಲ್ಲ, ಓಡಾಡಿಯೂ ಬಂದೆ. ಮುಂದಿನ ಹಂಗಾಮಿಗೆ ಮೂರೇ ಮೂರು ಮಕ್ಕಳಿಗೆ ಜಾಗ ಕೊಡಿ ಅಂತ ನಮ್ಮ ಕಾರ್ಖಾನೆಯಲ್ಲಿ ಕೇಳಿದೆ. ಚೀಫ್ ಕೆಮಿಸ್ಟರು ಒಳ್ಳೆಯವರು, ನನ್ನದೇನೂ ಅಡ್ಡಿಯಿಲ್ಲ, ಕಾಲೇಜಿನಿಂದ ಒಂದು ಪತ್ರ ತಂದುಕೊಡಿ ಅಂದರು. ಕಾಲೇಜೊಂದಕ್ಕೆ ಹೋದೆ. ಅಲ್ಲಿಯೂ ಕೂರಿಸಿ, ಚಹಾ ಕೊಟ್ಟು ಮಾತನಾಡಿಸಿದರು. ಒಳ್ಳೆಯ ವಿಚಾರ, ಮೊದಲು ಕಾರ್ಖಾನೆಯಿಂದ ಒಂದು ಪತ್ರ ಬರಲಿ, ಆಮೇಲೆ ನಾವು ಬರೆಯುತ್ತೇವೆ ಅಂದರು. ನಾಲ್ಕು ಸಲ ಆ ಕಡೆ ಈ ಕಡೆ ತಿರುಗಿದ್ದೇನೆ. ಎರಡೂ ಕಡೆ ನಿಮ್ಮ ಪತ್ರಿಕೆ ತರಿಸುವುದನ್ನು ನೋಡಿದ್ದೇನೆ, ಅದಕ್ಕೇ ಮೊದಲ ಪತ್ರವನ್ನು ನಾನೇ ಬರೆದಿದ್ದೇನೆ.

ಇಂತಿ,
ಸಕ್ಕರೆ ಕಾರ್ಖಾನೆಯ ಒಬ್ಬ ಲ್ಯಾಬ್ ಕೆಮಿಸ್ಟ್
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ